ಬಿಚ್ಚಿಟ್ಟ ಕೊಳವೆ

ಟಾರ್ಚ್ ಹಿಡಿದಿದ್ದವನು ನಾನು. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಜನವರಿಯ ಕೊನೆಯ ಶುಕ್ರವಾರ, ರಾತ್ರಿ ಹತ್ತು ದಾಟಿತ್ತು. ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿರುವ ನಮ್ಮ ಮನೆಯ ಗ್ಯಾರೇಜಿನಲ್ಲಿ ಅಕ್ಕನ ಮಗ ತನ್ನ ಕಾರಿನ ಬಾನೆಟ್ ಎತ್ತಿ ಬಗ್ಗಿ ನಿಂತಿದ್ದ. ಆಗಸ್ಟಿನಲ್ಲಿ ಅಷ್ಟು ಆಸೆಪಟ್ಟು ತಾನೇ ಕೈಯಾರೆ ಜೋಡಿಸಿದ್ದ, ಎಂಜಿನ್ನಿಗೆ ಗಾಳಿ ಒಯ್ಯುವ ಅಲ್ಯೂಮಿನಿಯಂ ಇನ್‌ಟೇಕ್ ಕೊಳವೆಯನ್ನು ಬಿಚ್ಚಿ ಪಕ್ಕಕ್ಕಿಟ್ಟಿದ್ದ. ಐದು ತಿಂಗಳಿಂದ ರಟ್ಟಿನ ಪೆಟ್ಟಿಗೆಯೊಳಗೆ ಮಲಗಿದ್ದ ಕಂಪನಿಯ ಕಪ್ಪು ಪ್ಲಾಸ್ಟಿಕ್ ಫಿಲ್ಟರ್ ಡಬ್ಬವನ್ನು ಮತ್ತೆ ಅದರ ಜಾಗದಲ್ಲಿ ಕೂರಿಸುತ್ತಿದ್ದ. "ಮಾವ, ಸ್ವಲ್ಪ ಕೆಳಗೆ ಹಿಡೀರಿ" ಅಂದ. ಹಿಡಿದೆ. ಕ್ಲಾಂಪ್ ಬಿಗಿಯಾಯಿತು, ಸೆನ್ಸರಿನ ವೈರು ಟಿಕ್ ಅಂತ ಕೂತುಕೊಂಡಿತು. ಎರಡು ಹೆಜ್ಜೆ ಹಿಂದೆ ಸರಿದು ನೋಡಿದ. ಸುತ್ತಲ ಎಂಜಿನ್ನೆಲ್ಲ ಧೂಳು ಹಿಡಿದಿದೆ, ಈ ಡಬ್ಬ ಮಾತ್ರ ತೊಳೆದಿಟ್ಟ ಪಾತ್ರೆಯ ಹಾಗೆ ಹೊಳೆಯುತ್ತಿದೆ. ಅವನು ಒಂದು ಬಟ್ಟೆ ತಗೊಂಡು ಬ್ಯಾಟರಿಯ ಪಕ್ಕದಿಂದ ಧೂಳು ಒರೆಸಿ, ಆ ಧೂಳನ್ನು ತಂದು ಡಬ್ಬದ ಮುಚ್ಚಳಕ್ಕೆ, ಅಂಚುಗಳಿಗೆ, ಸ್ಕ್ರೂಗಳ ತಲೆಗೆ ಮೆಲ್ಲಗೆ ಸವರಿದ. ದೇವರ ಪಟ ಒರೆಸುವಷ್ಟು ಜೋಪಾನವಾಗಿ ಸವರಿದ. ನನ್ನ ಕೈಯಲ್ಲಿದ್ದ ಬೆಳಕು ಅವನ ಬೆರಳು ಹೋದಲ್ಲೆಲ್ಲ ಹೋಯಿತು.

ಈ ಹುಡುಗ ಕಳ್ಳನಲ್ಲ. ಅಂಗಡಿಯವನು ತಪ್ಪಿ ಹೆಚ್ಚು ಚಿಲ್ಲರೆ ಕೊಟ್ಟರೆ ಪಾರ್ಕಿಂಗಿನಿಂದ ಹಿಂದಿರುಗಿ ಹೋಗಿ ಕೊಟ್ಟು ಬರುವವನು. ಹಾಗಿರುವಾಗ ಇಂಥವನ ಕೈ ಧೂಳು ಸವರುವ ಮಟ್ಟಕ್ಕೆ ಬಂದದ್ದು ಹೇಗೆ ಅನ್ನುವುದೇ ನನ್ನನ್ನು ಕಾಡಿದ್ದು. ಅದು ಆ ಶುಕ್ರವಾರ ಶುರುವಾದದ್ದಲ್ಲ. ಆಗಸ್ಟಿನಲ್ಲಿ, ಮೂರು ಸಾಮಾನುಗಳ ಪೈಕಿ ಒಂದನ್ನು ಆರಿಸಿಕೊಂಡ ದಿನವೇ ಶುರುವಾಗಿತ್ತು.

ಅವನದು ಜಪಾನಿ ಕಂಪನಿಯೊಂದರ ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರು. 2.4 ಲೀಟರ್ ಎಂಜಿನ್, ಟರ್ಬೊ ಇಲ್ಲ, ಗೇರು ಕೈಯಲ್ಲೇ ಹಾಕಬೇಕು. ಕೊಂಡ ವಾರದಲ್ಲೇ ಅವನಿಗೊಂದು ಸಂಗತಿ ತಿಳಿದು ಮನಸ್ಸು ಮುರಿಯಿತು. ಎಂಜಿನ್ನಿನ ಗುಡುಗು ಅಂತ ತಾನು ಕೇಳಿಸಿಕೊಳ್ಳುತ್ತಿದ್ದದ್ದರಲ್ಲಿ ಒಂದು ಪಾಲು ಕಾರಿನ ಸ್ಪೀಕರಿನಿಂದ ಬರುತ್ತಿತ್ತು! ಇದು ಒಂದು ಕಂಪನಿಯ ಕಥೆಯಲ್ಲ. ಮನೆ ಮಂದಿಯ ಕಾರಿರಲಿ, ಸ್ಪೋರ್ಟ್ಸ್ ಕಾರಿರಲಿ, ಈ ಹದಿನೈದು ವರ್ಷಗಳಿಂದ ಹಲವು ಕಂಪನಿಗಳು ಇದನ್ನು ಮಾಡುತ್ತಿವೆ. ಹೊರಗಿನ ಶಬ್ದಕ್ಕೆ ಕಾನೂನಿನ ಮಿತಿ ಇದೆ, ಒಳಗೆ ಕೂತವನಿಗೆ ಅಬ್ಬರ ಬೇಕು. ಆದ್ದರಿಂದ ಎಂಜಿನ್ನಿನ ವೇಗಕ್ಕೆ ತಕ್ಕ ಹಾಗೆ ತಯಾರಿಸಿದ ಸದ್ದನ್ನು ಸ್ಪೀಕರಿನಲ್ಲಿ ಬೆರೆಸುತ್ತಾರೆ. ಬೇರೆ ದಾರಿ ಹಿಡಿದವರೂ ಇದ್ದಾರೆ. ಲೆಕ್ಸಸ್ ಎಲ್‌ಎಫ್‌ಎ ಅನ್ನುವ ಕಾರು 500 ಮಾತ್ರ ತಯಾರಾದದ್ದು. ಅದರ ವಿ10 ಎಂಜಿನ್ ಉಸಿರೆಳೆಯುವ ನಿಜವಾದ ಸದ್ದನ್ನು ಕಾರಿನೊಳಕ್ಕೆ ಹಾಯಿಸಲು ಸಂಗೀತ ವಾದ್ಯ ತಯಾರಿಸುವ ಯಮಹಾದವರು ಕೈಜೋಡಿಸಿ ದಾರಿ ಮಾಡಿಕೊಟ್ಟರು. ನನ್ನ ಸೋದರಳಿಯ ಅದರ ಕನಸು ಕಾಣುವ ಹಾಗಿರಲಿಲ್ಲ. "ಮಾವ, ನಂಗೆ ನಿಜವಾದ ಸದ್ದು ಬೇಕು, ಅಷ್ಟೆ" ಅಂದ.

ಸದ್ದಿನ ಈ ಆಸೆಯನ್ನು ನಾನು ತಪ್ಪು ಅನ್ನಲಾರೆ. ತೀರ್ಥಹಳ್ಳಿ ಕಡೆಯ ಗದ್ದೆಬಯಲಿನಲ್ಲಿ ಯಕ್ಷಗಾನದ ಆಟ ನೋಡಿ ಬೆಳೆದವನು ನಾನು. ನಡುರಾತ್ರಿ ನಿದ್ದೆಗೆ ಜಾರುವ ಹೊತ್ತಿಗೆ ಚೆಂಡೆ ಬಿದ್ದರೆ ಅದು ಕಿವಿಗೆ ಬೀಳುವುದಲ್ಲ, ಎದೆಗೂಡಿಗೆ ಬೀಳುತ್ತದೆ. ಅದನ್ನು ಸ್ಪೀಕರಿನಲ್ಲಿ ಕೇಳಿದರೆ ಆಗದು. ಎಂಜಿನ್ ಗಾಳಿ ಎಳೆಯುವ ಸದ್ದು ಸೈಲೆನ್ಸರಿನ ಸದ್ದಿನಂತೆ ಊರಿಗೆಲ್ಲ ಕೇಳುವುದೂ ಅಲ್ಲ. ಹೆಚ್ಚಾಗಿ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ, ಹೆಚ್ಚಾಗಿ ಒಳಗೆ ಕೂತವನಿಗೇ ಕೇಳುವಂಥದ್ದು. ನಮ್ಮ ಕಡೆ ಪೊಲೀಸರು ಬೈಕುಗಳ ಸೈಲೆನ್ಸರ್ ಕಿತ್ತು ಸಾಲಾಗಿಟ್ಟು ರೋಡ್ ರೋಲರ್ ಹತ್ತಿಸುವುದನ್ನು ನೋಡಿದ್ದೇವಲ್ಲ, ಆ ಜಾತಿಯ ಉಪದ್ರವ ಇದಲ್ಲ. ಸ್ಪೀಕರಿನ ನಟನೆ ಬೇಡ, ಲೋಹ ಮತ್ತು ಗಾಳಿಯ ದನಿ ಬೇಕು ಅನ್ನುವುದು, ನನ್ನನ್ನು ಕೇಳಿದರೆ, ಒಂದು ಬಗೆಯ ಸತ್ಯದ ಹಂಬಲ. ಹಾಗಾಗಿಯೇ ಮುಂದೆ ಆದದ್ದು ನನಗೆ ಇಷ್ಟು ನೋವು ಕೊಟ್ಟಿತು.

ಅವನ ಮುಂದೆ ಮೂರು ದಾರಿ ಇದ್ದವು. ಒಂದು, ಕಂಪನಿಯ ಡಬ್ಬ ಹಾಗೇ ಇರಲಿ, ಒಳಗಿನ ಚಪ್ಪಟೆ ಫಿಲ್ಟರನ್ನು ಮಾತ್ರ ಗಾಳಿ ಸಲೀಸಾಗಿ ಹೋಗುವ ಬೇರೆ ಫಿಲ್ಟರಿಗೆ ಬದಲಿಸುವುದು. ಅರವತ್ತು ಡಾಲರ್ ಖರ್ಚು, ಹತ್ತು ನಿಮಿಷದ ಕೆಲಸ, ಸದ್ದಿನಲ್ಲಿ ಹೆಚ್ಚೇನೂ ವ್ಯತ್ಯಾಸವಿಲ್ಲ. ಎರಡು, ಮುಚ್ಚಿದ ಪೆಟ್ಟಿಗೆಯ ಪೂರ್ತಿ ಸೆಟ್. ಹೊರಗಿನ ತಣ್ಣನೆ ಗಾಳಿಯನ್ನೇ ಎಳೆಯುತ್ತದೆ, ಕ್ಯಾಲಿಫೋರ್ನಿಯಾ ಏರ್ ರಿಸೋರ್ಸಸ್ ಬೋರ್ಡಿನ ಎಕ್ಸಿಕ್ಯುಟಿವ್ ಆರ್ಡರ್ ನಂಬರಿನ ಚೀಟಿಯೊಂದಿಗೆ ಬರುತ್ತದೆ, ಬೆಲೆ ಆರೇಳು ಪಟ್ಟು. ಮೂರನೆಯದು ಬರೀ ಕೊಳವೆ, ಅದರ ತುದಿಗೆ ಶಂಕುವಿನಾಕಾರದ ಎಣ್ಣೆ ಸವರಿದ ಹತ್ತಿಯ ಫಿಲ್ಟರು, ಎಂಜಿನ್ನಿನ ಪಕ್ಕದಲ್ಲೇ ಬೆತ್ತಲೆ ಕೂರುವಂಥದ್ದು. ಎರಡನೆಯದಕ್ಕಿಂತ ಅಗ್ಗ, ಸದ್ದು ಮೂರರ ಪೈಕಿ ಎಲ್ಲಕ್ಕಿಂತ ಜೋರು. ಪೆಟ್ಟಿಗೆಯ ಮೇಲೆ 12 ಅಶ್ವಶಕ್ತಿ ಹೆಚ್ಚುತ್ತದೆ ಅಂತ ದಪ್ಪಕ್ಷರದಲ್ಲಿ, ರೇಸ್ ಟ್ರ್ಯಾಕಿನಲ್ಲಿ ಮಾತ್ರ ಬಳಸತಕ್ಕದ್ದು ಅಂತ ಸಣ್ಣಕ್ಷರದಲ್ಲಿ ಬರೆದಿತ್ತು. ಎರಡನ್ನೂ ಓದಿಯೇ ಕೊಂಡ.

ನಾನು ಸುರತ್ಕಲ್ಲಿನಲ್ಲಿ ಮೆಕ್ಯಾನಿಕಲ್ ಓದಿದವನು, ಕೆಲಸದ ಬದುಕಿಡೀ ಪಂಪು, ಕಂಪ್ರೆಸರುಗಳ ಜೊತೆ ಕಳೆದವನು. ಲೆಕ್ಕ ನನಗೆ ಬರುತ್ತಿತ್ತು. ಊಟದ ಮೇಜಿನ ಮೇಲೆ ಹೇಳಿದೆ ಕೂಡ.

2.4 ಲೀಟರ್ ಎಂಜಿನ್ ಎರಡು ಸುತ್ತಿಗೊಮ್ಮೆ ಪೂರ್ತಿ ಉಸಿರೆಳೆಯುತ್ತದೆ. ನಿಮಿಷಕ್ಕೆ 7,000 ಸುತ್ತಿನಲ್ಲಿ ಅದು ಸೆಕೆಂಡಿಗೆ ಸುಮಾರು 140 ಲೀಟರ್ ಗಾಳಿ, ಅಂದರೆ ಸೆಕೆಂಡಿಗೆ ಹತ್ತು ಕೊಡ. ಇಷ್ಟು ಗಾಳಿ ಫಿಲ್ಟರಿನಲ್ಲಿ ಹಾದು ಬರುವಾಗ ಒತ್ತಡ ಸ್ವಲ್ಪ ಇಳಿಯುತ್ತದೆ, ನಿಜ. ಆದರೆ ಸಮುದ್ರಮಟ್ಟದಲ್ಲಿ ವಾತಾವರಣದ ಒತ್ತಡ 101 ಕಿಲೋಪಾಸ್ಕಲ್. ಫಿಲ್ಟರು, ಡಬ್ಬ ಎಲ್ಲ ಸೇರಿ ಅದರಲ್ಲಿ ಎರಡು ಕಿಲೋಪಾಸ್ಕಲ್ ನುಂಗುತ್ತಿವೆ ಅಂದುಕೊಂಡರೂ, ಎಲ್ಲವನ್ನೂ ಕಿತ್ತೆಸೆದರೆ ಸಿಗುವುದು ಹೆಚ್ಚೆಂದರೆ ನೂರಕ್ಕೆ ಎರಡು. ಮಂಗಳೂರಿನಿಂದ ಬೆಂಗಳೂರಿಗೆ ಘಾಟಿ ಹತ್ತಿದರೆ ಟರ್ಬೊ ಇಲ್ಲದ ಎಂಜಿನ್ ಬರೀ ಎತ್ತರದಿಂದಲೇ ನೂರಕ್ಕೆ ಹತ್ತರಷ್ಟು ಗಾಳಿ ಕಳೆದುಕೊಳ್ಳುತ್ತದೆ. ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯದವರು 2009ರಲ್ಲಿ ಈಗಿನ ಪೆಟ್ರೋಲ್ ಕಾರುಗಳ ಫಿಲ್ಟರಿಗೆ ಬೇಕೆಂದೇ ಅಡಚಣೆ ಮಾಡಿ ಓಡಿಸಿ ನೋಡಿದರು. ಮೈಲೇಜು ಹೆಚ್ಚುಕಡಿಮೆ ಆಗಲೇ ಇಲ್ಲ. ಕಟ್ಟಿದ ಫಿಲ್ಟರನ್ನು ಹೊಸದಕ್ಕೆ ಬದಲಿಸಿದಾಗ ವೇಗ ಏರುವುದು ಮಾತ್ರ ಸುಧಾರಿಸಿತು. ಆ ಸುಧಾರಣೆ ಕಟ್ಟಿದ ಫಿಲ್ಟರಿನದು. ಚೊಕ್ಕ ಫಿಲ್ಟರನ್ನು ತೆಗೆದು ಇನ್ನೊಂದು ಚೊಕ್ಕ ಫಿಲ್ಟರ್ ಹಾಕಿದರೆ ಅಂಥದ್ದೇನೂ ಆಗುವುದಿಲ್ಲ.

ಬೆತ್ತಲೆ ಫಿಲ್ಟರಿನ ಕಷ್ಟ ಬೇರೆಯೇ. ಅದು ಎಂಜಿನ್ ಕೋಣೆಯ ಬಿಸಿ ಗಾಳಿಯನ್ನು ಎಳೆಯುತ್ತದೆ. ಸೆಪ್ಟೆಂಬರಿನ ಒಂದು ಭಾನುವಾರ ಸ್ಯಾನ್ ಹೋಸೆಯಿಂದ ಮೌಂಟ್ ಹ್ಯಾಮಿಲ್ಟನ್ ಹತ್ತಿದೆವು. ತುದಿಯಲ್ಲಿ ಲಿಕ್ ವೀಕ್ಷಣಾಲಯ, 1888ರಿಂದಿರುವ 36 ಇಂಚಿನ ದೊಡ್ಡ ದೂರದರ್ಶಕ. ರಸ್ತೆ ಅದಕ್ಕೂ ಹಳೆಯದು, ಕುದುರೆ ಗಾಡಿಗಳ ಕಾಲದ್ದು. ಏರು ಸೌಮ್ಯ, ತಿರುವುಗಳು ಲೆಕ್ಕವಿಲ್ಲದಷ್ಟು. ಆಗುಂಬೆಯ ನೆನಪು ತರುವ ಆ ತಿರುವುಗಳಲ್ಲಿ ಕೊಳವೆ ನಿಜಕ್ಕೂ ಹಾಡಿತು. ಮೂರನೆ ಗೇರಿನಲ್ಲಿ ಅವನು ಒತ್ತಿದಾಗ ಎದುರಿನ ತಗಡಿನ ಹಿಂದೆ ಯಾರೋ ದೊಡ್ಡ ಉಸಿರೆಳೆದ ಹಾಗೆ ಒಂದು ಮೊರೆತ. ಅವನ ಮುಖ ನೋಡಿದೆ. ಹತ್ತು ವರ್ಷದ ಹುಡುಗನಾಗಿದ್ದ. ಅದೇ ಹೊತ್ತಿಗೆ ಅವನ ಫೋನಿನಲ್ಲಿ ಎಂಜಿನ್ನಿನ ಅಂಕಿಗಳು ಮೂಡುತ್ತಿದ್ದವು: ಹೊರಗೆ 34 ಡಿಗ್ರಿ, ಕೊಳವೆಯೊಳಗೆ 58. ಗಾಳಿ ಬಿಸಿಯಾದಷ್ಟೂ ತೆಳು. ಈ 24 ಡಿಗ್ರಿಗೆ ನೂರಕ್ಕೆ ಏಳರಷ್ಟು ಗಾಳಿ ಕಡಿಮೆ. ಫಿಲ್ಟರಿನಲ್ಲಿ ಉಳಿಸಿದ್ದಕ್ಕಿಂತ ಬಿಸಿಯಲ್ಲಿ ಕಳೆದದ್ದೇ ಹೆಚ್ಚು. ಅವನೂ ನೋಡಿದ. "ಇರಲಿ ಮಾವ, ಸದ್ದು ಕೇಳಿ" ಅಂದ. ಅಷ್ಟು ಪ್ರಾಮಾಣಿಕವಾಗಿ ಹೇಳಿದ್ದರಿಂದ ನಾನು ಸುಮ್ಮನಾದೆ. ಶಕ್ತಿಯ ಮಾತು ನೆಪ, ಸದ್ದೇ ಬೇಕಾದದ್ದು ಅನ್ನುವುದು ಅವನಿಗೆ ಗೊತ್ತಿತ್ತು.

ಅವನು ತೂಗಿ ನೋಡದೆ ಬಿಟ್ಟದ್ದು ಆ ನಂಬರಿನ ಚೀಟಿಯನ್ನು. ಎಂಟು ವರ್ಷದೊಳಗಿನ ಪೆಟ್ರೋಲ್ ಕಾರಿಗೆ ಇಲ್ಲಿ ಹೊಗೆ ತಪಾಸಣೆ ಇಲ್ಲ. "ಯಾರು ನೋಡ್ತಾರೆ ಮಾವ?" ಅಂತ ಕೇಳಿದ್ದ. ಆ ಚೀಟಿಯ ಹಿಂದೆ ಒಂದು ಊರಿನ ಕಣ್ಣೀರಿದೆ. 1943ರ ಜುಲೈಯಲ್ಲಿ ಲಾಸ್ ಏಂಜಲೀಸಿನ ಮೇಲೆ ಕಣ್ಣುರಿಸುವ ಮಬ್ಬು ಇಳಿದಾಗ, ಯುದ್ಧದ ಕಾಲವಾದ್ದರಿಂದ, ಜಪಾನಿನವರು ವಿಷಾನಿಲ ಬಿಟ್ಟರೋ ಎಂದು ಜನ ಹೆದರಿದ್ದರು. ಅನಾನಸ್ ಹಣ್ಣಿನ ಪರಿಮಳ ಯಾವುದರಿಂದ ಬರುತ್ತದೆ ಅಂತ ಹುಡುಕುತ್ತಿದ್ದ ಕ್ಯಾಲ್‌ಟೆಕ್‌ನ ವಿಜ್ಞಾನಿ ಆರಿ ಹಾಗೆನ್-ಸ್ಮಿಟ್ ಅದೇ ಉಪಕರಣಗಳನ್ನು ಊರಿನ ಗಾಳಿಯ ಕಡೆಗೆ ತಿರುಗಿಸಿ, ಅದು ಕಾರುಗಳ ಹೊಗೆ ಮತ್ತು ಬಿಸಿಲು ಸೇರಿ ಹುಟ್ಟಿದ ವಿಷ ಅಂತ 1950ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟರು. 1967ರಲ್ಲಿ ಕ್ಯಾಲಿಫೋರ್ನಿಯಾದವರು ಏರ್ ರಿಸೋರ್ಸಸ್ ಬೋರ್ಡ್ ಸ್ಥಾಪಿಸಿದಾಗ ಮೊದಲ ಅಧ್ಯಕ್ಷರಾದದ್ದು ಅವರೇ. ಆ ಬೋರ್ಡು ಪರೀಕ್ಷಿಸಿ ಒಪ್ಪಿದ ಸಾಮಾನಿಗೆ ಮಾತ್ರ ಆ ನಂಬರು. ಗಾಳಿ ಒಳಗೆ ಹೋಗುವ ದಾರಿಗೂ ಹೊಗೆಗೂ ಏನು ಸಂಬಂಧ ಅಂತ ಕೇಳಬಹುದು. ಎಂಜಿನ್ನಿನ ತಳದಲ್ಲಿ ಸೇರುವ ಆವಿ ಇದೇ ದಾರಿಯಲ್ಲಿ ಮತ್ತೆ ಒಳಕ್ಕೆ ಹೋಗಿ ಉರಿಯಬೇಕು. ಅನೇಕ ಕಾರುಗಳ ಕಪ್ಪು ಡಬ್ಬದಲ್ಲಿ ಒಂದು ಇದ್ದಿಲ ಹಾಳೆಯೂ ಇರುತ್ತದೆ. ಎಂಜಿನ್ ನಿಲ್ಲಿಸಿದ ಮೇಲೆ ಹಿಂದಕ್ಕೆ ಜಾರುವ ಪೆಟ್ರೋಲಿನ ಆವಿಯನ್ನು ಹಿಡಿದಿಟ್ಟುಕೊಳ್ಳಲು. ಇಡೀ ರಾತ್ರಿ ಗ್ಯಾರೇಜಿನಲ್ಲಿ ಸುಮ್ಮನೆ ನಿಂತ ಕಾರೂ ಒಂದಿಷ್ಟು ಆವಿ ಬಿಡುತ್ತದೆ, ಅದು ಪಕ್ಕದ ಮನೆಯ ಮಗುವಿನ ಮೂಗಿಗೆ ಹೋಗದಿರಲಿ ಅಂತ ಯಾರೋ ಒಬ್ಬ ಎಂಜಿನಿಯರ್ ಯೋಚಿಸಿ ಇಟ್ಟ ಹಾಳೆ ಅದು. ಬೆತ್ತಲೆ ಕೊಳವೆಯಲ್ಲಿ ಅದಕ್ಕೆ ಜಾಗವಿಲ್ಲ.

ಕ್ರಿಸ್‌ಮಸ್ ರಜೆಯಲ್ಲಿ ಅವನು ಫಿಲ್ಟರನ್ನು ತೊಳೆದು ಒಣಗಿಸಿ ಹೊಸ ಎಣ್ಣೆ ಹಾಕಿದ. ಈ ಎಣ್ಣೆಗೆ ಕೆಂಪು ಬಣ್ಣ ಬೆರೆಸಿರುತ್ತಾರೆ, ಎಲ್ಲೆಲ್ಲಿ ಹರಡಿತು ಅಂತ ಕಾಣಲಿ ಅಂತ. ಜಾಸ್ತಿ ಹಾಕಿಬಿಟ್ಟ. ಎಂಜಿನ್ ಹತ್ತು ಕೊಡದ ಲೆಕ್ಕದಲ್ಲಿ ಗಾಳಿ ಎಳೆಯುವಾಗ ಹೆಚ್ಚಿನ ಎಣ್ಣೆ ಹನಿಹನಿಯಾಗಿ ಹೊರಟು ಮುಂದಿದ್ದ ಸೆನ್ಸರಿನ ಮೇಲೆ ಕೂತಿತು.

ಆ ಸೆನ್ಸರು ಈ ಕಥೆಯಲ್ಲಿ ಮುಖ್ಯ. ಕೂದಲಿನಷ್ಟು ತೆಳುವಾದ ತಂತಿಯನ್ನು ವಿದ್ಯುತ್ತಿನಿಂದ ಬಿಸಿಯಾಗಿಟ್ಟಿರುತ್ತಾರೆ. ಹಾದುಹೋಗುವ ಗಾಳಿ ಅದನ್ನು ತಣಿಸುತ್ತದೆ. ಮತ್ತೆ ಬಿಸಿ ಮಾಡಲು ಎಷ್ಟು ವಿದ್ಯುತ್ ಬೇಕಾಯಿತು ಅನ್ನುವುದರಿಂದ ಎಷ್ಟು ಗಾಳಿ ಹೋಯಿತು ಅಂತ ಕಂಪ್ಯೂಟರ್ ತಿಳಿಯುತ್ತದೆ. 14.7 ಗ್ರಾಂ ಗಾಳಿಗೆ ಒಂದು ಗ್ರಾಂ ಪೆಟ್ರೋಲ್ ಅನ್ನುವ ಲೆಕ್ಕ ನಿಲ್ಲುವುದು ಈ ತಂತಿಯ ಮಾತಿನ ಮೇಲೆ. ತಂತಿಯಾದರೋ ಕೊಳವೆಯ ನಡುವಿನ ಒಂದಿಷ್ಟು ಗಾಳಿಯನ್ನು ಮಾತ್ರ ಮುಟ್ಟುತ್ತದೆ, ಮಿಕ್ಕಿದ್ದು ಕೊಳವೆಯ ಅಳತೆಯಿಂದ ಕಟ್ಟಿದ ಅಂದಾಜು. 70 ಮಿಲಿಮೀಟರ್ ಕೊಳವೆಯ ಜಾಗದಲ್ಲಿ 76 ಮಿಲಿಮೀಟರಿನದು ಹಾಕಿದರೆ ದಾರಿ ನೂರಕ್ಕೆ 18ರಷ್ಟು ಅಗಲವಾಗುತ್ತದೆ. ಅದೇ ಗಾಳಿ ನಿಧಾನಕ್ಕೆ ಹೋಗುತ್ತದೆ, ತಂತಿ ಕಡಿಮೆ ತಣಿಯುತ್ತದೆ, ಗಾಳಿ ಕಡಿಮೆ ಅಂತ ವರದಿ ಮಾಡುತ್ತದೆ, ಪೆಟ್ರೋಲ್ ಕಡಿಮೆ ಬೀಳುತ್ತದೆ. ಐದು ತಿಂಗಳು ಕಂಪ್ಯೂಟರ್ ಈ ತಪ್ಪನ್ನು ತಾನೇ ತಿದ್ದಿಕೊಂಡು ಹೇಗೋ ಸಂಭಾಳಿಸಿತ್ತು. ತಂತಿಗೆ ಎಣ್ಣೆಯ ಹೊದಿಕೆಯೂ ಬಿದ್ದ ಮೇಲೆ ಕೈಲಾಗಲಿಲ್ಲ. ಚೆಕ್ ಎಂಜಿನ್ ಲೈಟ್ ಹೊತ್ತಿತು. ಪಿ0171, ಗಾಳಿಗೆ ತಕ್ಕ ಇಂಧನವಿಲ್ಲ.

ಲೈಟ್ ಹೋಗದಿದ್ದರೆ ಡೀಲರಿಗೇ ತೋರಿಸಬೇಕಲ್ಲ ಅಂತ ಆ ಶುಕ್ರವಾರ ರಾತ್ರಿ ನಾವು ಡಬ್ಬ ಕೂರಿಸಿದೆವು, ಕೋಡ್ ಅಳಿಸಿದೆವು. ಸೆನ್ಸರು ಅದೇ, ಕೊಳವೆಯಿಂದ ತೆಗೆದು ಡಬ್ಬಕ್ಕೆ ಹಾಕಿದ್ದು. ಶನಿವಾರ ಸಂಜೆ ಲೈಟ್ ಮತ್ತೆ ಬಂತು. ಸೋಮವಾರ ಅವನು ಡೀಲರಿನ ಬಳಿ ಹೋದ. ಫಾರಂನಲ್ಲಿ ಕಾರಿಗೆ ಏನಾದರೂ ಮಾರ್ಪಾಡು ಮಾಡಿದ್ದೀರಾ ಅನ್ನುವ ಗೆರೆ ಇತ್ತು, ಖಾಲಿ ಬಿಟ್ಟ. ಕೌಂಟರಿನಲ್ಲಿ ಬಾಯಿಬಿಟ್ಟು ಕೇಳಿದರು. "ಈ ಕಾರಲ್ಲಿ ಎಲ್ಲ ಕಂಪನಿಯದೇ ಇರೋದು" ಅಂದ.

ಆ ಮಾತು, ಆ ಕ್ಷಣಕ್ಕೆ, ಅಕ್ಷರಶಃ ನಿಜ. ರಾತ್ರಿ ಅವನು ಅದನ್ನು ನನಗೆ ಹೇಳಿದಾಗ ನನ್ನ ಕಿವಿಯಲ್ಲಿ ಮೊಳಗಿದ್ದು ಶಂಖ. ದ್ರೋಣರು ಬೀಳುವ ಪ್ರಸಂಗವನ್ನು ಎಷ್ಟು ಸಲ ನೋಡಿಲ್ಲ! ಧರ್ಮರಾಯ ಸುಳ್ಳು ಹೇಳಲಾರ. ಮಗ ಸತ್ತನೇ ಅಂತ ದ್ರೋಣರು ಕೇಳಿದಾಗ, ಸತ್ತದ್ದು ಅದೇ ಹೆಸರಿನ ಆನೆ ಅನ್ನುವ ಮಾತನ್ನು ಅವನು ಹೇಳಿಯೇ ಹೇಳುತ್ತಾನೆ. ಸರಿಯಾಗಿ ಆ ಮಾತಿನ ಮೇಲೆ ಕೃಷ್ಣ ಶಂಖ ಊದುತ್ತಾನೆ, ಮುದುಕನ ಕಿವಿಗೆ ಅದು ಮುಟ್ಟುವುದಿಲ್ಲ. ನೆಲದಿಂದ ನಾಲ್ಕು ಬೆರಳು ಮೇಲೆ ಓಡುತ್ತಿದ್ದ ಧರ್ಮರಾಯನ ರಥ ಅಂದಿನಿಂದ ನೆಲ ಮುಟ್ಟಿತು ಅನ್ನುತ್ತಾರೆ. ಚಿಕ್ಕವನಿದ್ದಾಗ ನನಗೆ ಅದು ಕೃಷ್ಣನ ಜಾಣ್ಮೆಯ ಕಥೆ. ಈಗ ಅನ್ನಿಸುವುದೇ ಬೇರೆ. ಮಾತು ನಿಜವಿದ್ದರೆ ಸಾಲದು, ಅದು ಕೇಳುವವನನ್ನು ಮುಟ್ಟಬೇಕು ಅಂತ ನಮ್ಮ ಹಿರಿಯರು ಸದ್ದನ್ನೇ ಸಾಕ್ಷಿ ಮಾಡಿ ತೋರಿಸಿದ್ದಾರೆ. ನಾವು ಡಬ್ಬದ ಮೇಲೆ ಸವರಿದ ಧೂಳು ಆ ಶಂಖದ ಕೆಲಸ ಮಾಡಿತ್ತು.

ಮೆಕ್ಯಾನಿಕ್ ಮೂವತ್ತರೊಳಗಿನ ಹುಡುಗ. ಬೆಳಿಗ್ಗೆ ಎಂಟೂವರೆಗೆ ಕಾರು ಹಿಡಿದ. ಎಲ್ಲ ಕಂಪನಿಯದೇ ಅಂತ ಚೀಟಿಯಲ್ಲಿದ್ದ ಮೇಲೆ, ಹೊಸ ಕಾರಿನ ಸೆನ್ಸರಿನ ಮೇಲೆ ಎಣ್ಣೆ ಇರಬಹುದು ಅಂತ ಯಾರಿಗೆ ಹೊಳೆದೀತು? ಕೊಳವೆಗಳಿಗೆ ಹೊಗೆ ತುಂಬಿಸಿ ಸೋರಿಕೆ ಹುಡುಕಿದ. ಪೆಟ್ರೋಲಿನ ಒತ್ತಡ ನೋಡಿದ. ಇಂಜೆಕ್ಟರುಗಳನ್ನು ನೋಡಿದ. ರಸ್ತೆಗೆ ಒಯ್ದು ಓಡಿಸಿದ. ಮಧ್ಯಾಹ್ನ ಎರಡರ ಸುಮಾರಿಗೆ ಸೆನ್ಸರ್ ಬಿಚ್ಚಿದ. ನನ್ನ ಸೋದರಳಿಯ ಕಾರು ಒಯ್ಯಲು ಹೋದಾಗ ಅವನನ್ನು ಒಳಗೆ ಕರೆದು ದೀಪದ ಕೆಳಗೆ ಒಂದು ಬಿಳಿ ಟಿಶ್ಯೂ ಕಾಗದ ಹಿಡಿದು ತೋರಿಸಿದ. ನಡುವೆ ಉಗುರಿನಷ್ಟಗಲ ತಿಳಿಗೆಂಪು ಕಲೆ. "ನಿಮ್ಮ ಡಬ್ಬದಲ್ಲಿರೋದು ಒಣ ಕಾಗದದ ಫಿಲ್ಟರು" ಅಂದ, ಅಷ್ಟೆ. ಸ್ಪ್ರೇ ಹಾಕಿ ಸೆನ್ಸರ್ ತೊಳೆದು ಒಣಗಿಸಿ ಕೂರಿಸಿದ್ದ. ಬಿಲ್ಲಿನಲ್ಲಿ ಸೆನ್ಸರ್ ಶುಚಿ ಮಾಡಲಾಗಿದೆ, ಶುಲ್ಕವಿಲ್ಲ ಅಂತ ಬರೆದಿತ್ತು.

ಆ ಟಿಶ್ಯೂ ಅವನನ್ನು ಮಲಗಲು ಬಿಡಲಿಲ್ಲ. ಬಂದು ನನ್ನ ಮುಂದೆ ಕೂತ. "ಮಾವ, ಅವನಿಗೆ ಗೊತ್ತಾಯ್ತು. ಗೊತ್ತಾದ್ರೂ ಒಂದು ಮಾತು ಅನ್ನಲಿಲ್ಲ."

ನಾವಿಬ್ಬರೂ ಕೂತು ಎಲ್ಲ ಬಿಚ್ಚಿ ನೋಡಿದೆವು. ಮೊದಲ ಸಮರ್ಥನೆ ಅವನ ಬಾಯಲ್ಲಿ ಸಿದ್ಧವಿತ್ತು: ನಿಜ ಹೇಳಿದ್ದರೆ ವಾರಂಟಿಯೇ ಹೋಯಿತು ಅನ್ನುತ್ತಿದ್ದರು. ಈ ಭಯ ಆಧಾರವಿಲ್ಲದ್ದಲ್ಲ, ಹಾಗೆ ಗದರಿಸಿ ಕಳಿಸಿದ ಕಥೆಗಳನ್ನು ನಾನೂ ಕೇಳಿದ್ದೇನೆ. ಆದರೆ ಈ ದೇಶದಲ್ಲಿ 1975ರಿಂದ ಮ್ಯಾಗ್ನುಸನ್-ಮಾಸ್ ವಾರಂಟಿ ಕಾಯ್ದೆ ಇದೆ. ಹೊರಗಿನ ಸಾಮಾನು ಹಾಕಿದ ಅನ್ನುವ ಒಂದೇ ಕಾರಣಕ್ಕೆ ವಾರಂಟಿ ರದ್ದು ಮಾಡುವ ಹಾಗಿಲ್ಲ. ಆ ಸಾಮಾನಿನಿಂದಲೇ ಹಾಳಾಗಿದ್ದರೆ ಆ ರಿಪೇರಿಯನ್ನು ನಿರಾಕರಿಸಬಹುದು. ಇಲ್ಲಿ ಹಾಳಾದದ್ದು ಅದರಿಂದಲೇ. ನಿಜ ಹೇಳಿದ್ದರೆ ಅವನ ಕೈಯಿಂದ ಹೋಗುತ್ತಿದ್ದದ್ದು ಒಂದು ಸೆನ್ಸರ್ ತೊಳೆಯುವ ಖರ್ಚು. ಸ್ಪ್ರೇ ಡಬ್ಬಕ್ಕೆ ಹತ್ತು ಡಾಲರ್. ನಮ್ಮ ಗ್ಯಾರೇಜಿನಲ್ಲೇ ಹತ್ತು ನಿಮಿಷದ ಕೆಲಸ.

ಎರಡನೆಯದು, ದೊಡ್ಡ ಕಂಪನಿಗೆ ಇದೆಲ್ಲ ಲೆಕ್ಕಕ್ಕೇ ಇಲ್ಲ ಅನ್ನುವುದು. ಇದನ್ನು ನಾನು ಮುರಿಯಲೇಬೇಕಿತ್ತು, ಯಾಕೆಂದರೆ ಇಲ್ಲಿನ ಡೀಲರುಗಳ ಬಳಿ ಕೆಲಸ ಮಾಡುವ ಮೆಕ್ಯಾನಿಕ್‌ಗಳು ಹೆಚ್ಚಾಗಿ ಹೇಗೆ ದುಡಿಯುತ್ತಾರೆ ಅನ್ನುವುದು ಅವನಿಗೆ ತಿಳಿದಿರಲಿಲ್ಲ. ಫ್ಲ್ಯಾಟ್ ರೇಟ್ ಅನ್ನುತ್ತಾರೆ. ಸಂಬಳ ಹೆಚ್ಚಾಗಿ ಗಡಿಯಾರದ ಗಂಟೆಯ ಲೆಕ್ಕದಲ್ಲಲ್ಲ; ಯಾವ ಕೆಲಸಕ್ಕೆ ಎಷ್ಟು ಗಂಟೆ ಅಂತ ಒಂದು ಪುಸ್ತಕದಲ್ಲಿದೆ, ಕೆಲಸ ಮುಗಿದಾಗ ಅಷ್ಟು ಗಂಟೆ ಖಾತೆಗೆ ಬೀಳುತ್ತದೆ. ಬ್ರೇಕ್ ಪ್ಯಾಡ್ ಬೇಗ ಬದಲಿಸಿದರೆ ಲಾಭ. ಕಾರಣ ಸಿಗದ ಲೈಟಿನ ಹಿಂದೆ ಅರ್ಧ ದಿನ ಅಲೆದರೆ ಆ ಅರ್ಧ ದಿನ ಬಹುಮಟ್ಟಿಗೆ ಅವನದೇ ನಷ್ಟ. ಕಂಪನಿಗೆ ಸುಳ್ಳು ಹೇಳಿದೆ ಅಂದುಕೊಂಡಿದ್ದ ನಮ್ಮ ಹುಡುಗ ನಿಜದಲ್ಲಿ ತನ್ನದೇ ವಯಸ್ಸಿನ, ತನ್ನಷ್ಟೇ ಕಾರಿನ ಹುಚ್ಚಿರಬಹುದಾದ ಒಬ್ಬನ ಜೇಬಿಗೆ ಕೈ ಹಾಕಿದ್ದ. ಇದನ್ನು ಹೇಳಿದಾಗ ಅವನ ಮುಖ ಕಪ್ಪಿಟ್ಟಿತು. ಬಹಳ ಹೊತ್ತು ಮಾತಾಡಲಿಲ್ಲ.

ಆಮೇಲೆ ನನ್ನ ಸರದಿ. ಅಂದು ರಾತ್ರಿ ನಾನು ಯಾಕೆ ಸುಮ್ಮನಿದ್ದೆ? ಧೂಳು ಸವರುವಾಗ ಏನು ನಡೆಯುತ್ತಿದೆ ಅಂತ ಗೊತ್ತಿತ್ತು. ಬೇಡ ಕಣೋ ಅನ್ನಲು ಒಂದು ಉಸಿರು ಸಾಕಿತ್ತು. ಊರಿನಿಂದ ಇಷ್ಟು ದೂರ ಬಂದ ಹುಡುಗ, ವಾರಕ್ಕೊಮ್ಮೆ ಮನೆಗೆ ಬರುತ್ತಾನೆ, ಗ್ಯಾರೇಜಿನಲ್ಲಿ ನನ್ನನ್ನು ಜೊತೆಗಾರನ ಹಾಗೆ ಕಾಣುತ್ತಾನೆ; ಆ ಸಲಿಗೆ ಕಳೆದುಕೊಳ್ಳಲು ಮನಸ್ಸಾಗಲಿಲ್ಲ. ಸೋದರಮಾವನ ಜಾಗ ಬಿಟ್ಟು ಗೆಳೆಯನ ಜಾಗದಲ್ಲಿ ನಿಂತೆ, ಗೆಳೆಯನಾಗಿಯೂ ಒದಗಲಿಲ್ಲ. ಇದನ್ನು ಅವನಿಗೆ ಹೇಳಿದೆ. ಹೇಳದೆ ಅವನೊಬ್ಬನಿಗೇ ಬುದ್ಧಿ ಹೇಳುವುದು ನನ್ನಿಂದ ಆಗುತ್ತಿರಲಿಲ್ಲ.

ಈಗ ಯಾರಾದರೂ ಹುಡುಗರು ಯಾವ ಇನ್‌ಟೇಕ್ ಹಾಕಿಸಲಿ ಅಂತ ನನ್ನನ್ನು ಕೇಳಿದರೆ ಅಶ್ವಶಕ್ತಿಯ ಮಾತನ್ನು ಆಮೇಲೆ ಎತ್ತುತ್ತೇನೆ. ಇದನ್ನು ಯಾರ ಕಣ್ಣಿಗೆ ಬೀಳುವ ಮೊದಲು ಬಿಚ್ಚಿಡಬೇಕಾಗುತ್ತದೆ ಅಂತ ಮೊದಲು ಕೇಳುತ್ತೇನೆ. ಮೆಕ್ಯಾನಿಕ್, ಪೊಲೀಸ್, ಹೊಗೆ ತಪಾಸಣೆಯವನು, ನಾಳೆ ಕಾರು ಕೊಳ್ಳುವವನು, ಇವರಲ್ಲಿ ಒಬ್ಬನ ಮುಂದಾದರೂ ಬಾನೆಟ್ ಎತ್ತಲು ಕೈ ಹಿಂಜರಿಯುವುದಾದರೆ ಆ ಸಾಮಾನು ಬೇಡ. ಮುಚ್ಚಿದ ಪೆಟ್ಟಿಗೆಯ, ನಂಬರಿದ್ದ ಸೆಟ್ಟು ದುಬಾರಿ, ಸದ್ದು ಸ್ವಲ್ಪ ಕಡಿಮೆ, ನಿಜ. ಆದರೆ ಅದರ ಸದ್ದೂ ಸ್ಪೀಕರಿನದಲ್ಲ, ಎಂಜಿನ್ನಿನದೇ. ಸೆನ್ಸರ್ ಕೂರುವ ಜಾಗದ ಅಳತೆ ಕಾರಿನ ಲೆಕ್ಕಕ್ಕೆ ಹೊಂದುತ್ತದೆಯೇ, ಫಿಲ್ಟರು ಒಣದೋ ಎಣ್ಣೆಯದೋ, ಗಾಳಿ ಎಲ್ಲಿಂದ ಎಳೆಯುತ್ತದೆ, ಇಷ್ಟು ನೋಡಿಕೊಂಡರೆ ಮಿಕ್ಕಿದ್ದು ಅವರವರ ಕಿವಿಗೆ ಬಿಟ್ಟದ್ದು.

ಮುಂದಿನ ಶನಿವಾರ ಅವನು ಡೀಲರಿನ ಬಳಿಗೆ ಹೋದ. ನಾನು ಬರಲೇ ಅಂದೆ, ಬೇಡ ಮಾವ ಅಂದ. ಮೆಕ್ಯಾನಿಕ್ ಹೊರಗೆ ಬಂದ. ಇವನು ಇದ್ದದ್ದು ಇದ್ದ ಹಾಗೆ ಹೇಳಿ, ನಿನ್ನ ಅರ್ಧ ದಿನದ ದುಡ್ಡು ಅಂತ ಲಕೋಟೆ ಕೊಡಲು ಹೋದ. ಅವನು ಮುಟ್ಟಲಿಲ್ಲ. "ಮೊದಲೇ ಬರೆದುಕೊಟ್ಟಿದ್ದರೆ ಅವತ್ತು ಊಟಕ್ಕೆ ಹೋಗ್ತಿದ್ದೆ" ಅಂದನಂತೆ. ಕೋಪದಲ್ಲಲ್ಲ, ಆದದ್ದನ್ನು ಹೇಳುವ ಹಾಗೆ. ಮತ್ತೆ ಒಳಗೆ ಹೋದ.

ಕೊಳವೆಗೆ ಕೊಳ್ಳುವವರಿದ್ದರು. ಇವನ ಹಾಗೆಯೇ ಆಸೆಪಟ್ಟ ಒಬ್ಬ ಹುಡುಗ ನೂರೈವತ್ತು ಡಾಲರ್ ಕೊಡಲು ಸಿದ್ಧನಿದ್ದ. ನಂಬರಿಲ್ಲದ ಇಂಥ ಸಾಮಾನನ್ನು ಹಾಕುವುದಷ್ಟೇ ಅಲ್ಲ, ಮಾರುವುದನ್ನೂ ಕ್ಯಾಲಿಫೋರ್ನಿಯಾದ ವಾಹನ ಸಂಹಿತೆಯ 27156ನೇ ವಿಧಿ ತಡೆಯುತ್ತದೆ. ವಿಧಿ ಇಲ್ಲದಿದ್ದರೂ, ಅದನ್ನು ಇನ್ನೊಂದು ಗ್ಯಾರೇಜಿಗೆ ಕಳಿಸುವುದು ಆ ಶುಕ್ರವಾರ ರಾತ್ರಿಯನ್ನು ಇನ್ನೊಬ್ಬನಿಗೆ ಮಾರಿದ ಹಾಗೆ. ಅವನೇ ಒಯ್ದು ಗುಜರಿಯವನ ಅಲ್ಯೂಮಿನಿಯಂ ತೊಟ್ಟಿಗೆ ಹಾಕಿ ಬಂದ. ಮೇ ತಿಂಗಳವರೆಗೆ ದುಡ್ಡು ಕೂಡಿಸಿ ಮುಚ್ಚಿದ ಪೆಟ್ಟಿಗೆಯ ಸೆಟ್ ತರುತ್ತೇನೆ ಅಂದವನು ಆಮೇಲೆ ಅದನ್ನೂ ಮುಂದಕ್ಕೆ ಹಾಕಿದ. ಸದ್ಯಕ್ಕೆ ಕಪ್ಪು ಡಬ್ಬದಲ್ಲಿ ಒಂದು ಒಣ ಫಿಲ್ಟರು. ಸ್ಪೀಕರಿನ ಸದ್ದನ್ನು ನಿಲ್ಲಿಸಿಕೊಂಡಿದ್ದಾನೆ. ಮೌಂಟ್ ಹ್ಯಾಮಿಲ್ಟನ್ನಿಗೆ ಇನ್ನೊಮ್ಮೆ ಹೋದಾಗ ಕಿಟಕಿ ಇಳಿಸಿಕೊಂಡು ಹತ್ತಿದೆವು. ಎಂಜಿನ್ ಮೆಲುದನಿಯಲ್ಲಿತ್ತು, ಆದರೆ ಅದರದೇ ದನಿ. ಹಕ್ಕಿಗಳ ದನಿಯೂ ಕೇಳಿಸಿತು.

ಜುಲೈಯಲ್ಲಿ ಸರ್ವಿಸಿಗೆ ಹೋದಾಗ ನಾನೂ ಜೊತೆಗಿದ್ದೆ. ಅದೇ ಫಾರಂ, ಅದೇ ಗೆರೆ. ಅವನು ಪೆನ್ನು ತಗೊಂಡು ಏರ್ ಫಿಲ್ಟರ್, ಒಣ ಮಾದರಿ, ಕಂಪನಿಯದಲ್ಲ ಅಂತ ಬರೆದ. ಅದರ ಕೆಳಗೆ, ಹಿಂದೆ ತೆರೆದ ಇನ್‌ಟೇಕ್ ಇತ್ತು, ತೆಗೆದಿದೆ ಅಂತಲೂ ಬರೆದ. ತಾರೀಖಿನ ಜಾಗಕ್ಕೆ ಬಂದಾಗ ಪೆನ್ನು ನಿಂತಿತು.

"ಈ ಫಿಲ್ಟರ್ ಹಾಕಿದ್ದು ಯಾವತ್ತು ಮಾವ?"

"ಯುಗಾದಿಯ ಹಿಂದಿನ ಭಾನುವಾರ" ಅಂದೆ. ಅವತ್ತೂ ಟಾರ್ಚ್ ಹಿಡಿದಿದ್ದವನು ನಾನೇ.